ಕಾವಲು ಕಾಯುವ ಕಾವು

ಆಟಿ ತಿಂಗಳು ಕಾಲಿಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಬಟ್ಟೆ ಒಣಗಿಸುವ ಹಗ್ಗ. ಬಂಟ್ವಾಳದಲ್ಲಿ ನೇತ್ರಾವತಿ ಕೆಂಪಗೆ, ದಡ ತುಂಬಿ ಹರಿಯುತ್ತಿರುತ್ತಾಳೆ. 1974ರ ನೆರೆಯನ್ನು ಕಂಡ ಹಿರಿಯರು ದಿನಕ್ಕೊಮ್ಮೆ ಹೋಗಿ ನೀರಿನ ಮಟ್ಟವನ್ನು ನೋಡಿ ಬರುತ್ತಾರೆ. ಬೆಳ್ತಂಗಡಿಯಲ್ಲಿ ಚಾರ್ಮಾಡಿ ಘಟ್ಟದಿಂದಿಳಿದ ಮೋಡ ಮಧ್ಯಾಹ್ನವಾದರೂ ತೋಟದ ಮೇಲಿನಿಂದ ಏಳುವುದಿಲ್ಲ. ಮೂಡುಬಿದಿರೆಯಲ್ಲಿ 15ನೆಯ ಶತಮಾನದ ಸಾವಿರ ಕಂಬದ ಬಸದಿಯ ಕಲ್ಲುಗಳು ತೇವ ಕುಡಿದು ಕಪ್ಪಾಗಿರುತ್ತವೆ. ದಕ್ಷಿಣ ಕನ್ನಡ ಜಿಲ್ಲೆಗೆ ವರ್ಷದಲ್ಲಿ ಬೀಳುವ ಸುಮಾರು 4000 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ.

ಈ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ. ಒಣಗಿತೆಂದು ತೋರಿದುದೂ ಮೈಗೆ ತಾಗಿದಾಗ ತಣ್ಣಗಿರುತ್ತದೆ. ಚಪ್ಪಲಿಯ ಮೇಲೆ, ಚರ್ಮದ ಪೆಟ್ಟಿಗೆಯ ಮೇಲೆ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಬೆಳ್ಳಗೆ ಹಬ್ಬುತ್ತದೆ. ಗೃಹಿಣಿ ಅದನ್ನು ಒರೆಸುತ್ತಾಳೆ. ವಾರದೊಳಗೆ ಅದು ಮತ್ತೆ ಬರುತ್ತದೆ. ಇದೇ ಬೂಷ್ಟಿನ ಬಳಗಕ್ಕೆ ಸೇರಿದ ಇನ್ನೊಂದು ಜೀವ ಮನುಷ್ಯನ ಮೈಮೇಲೂ ಹೀಗೆಯೇ ಹಬ್ಬುತ್ತದೆ, ಹೋಯಿತೆಂದುಕೊಂಡಾಗ ಹೀಗೆಯೇ ಮರಳುತ್ತದೆ. ಆದರೆ ಅದರ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಬಂಟ್ವಾಳದ ಪೇಟೆಯಲ್ಲಿ ಮನೆ. ತಂದೆಗೆ ಕಚೇರಿಯ ಕೆಲಸ. ಮಗಳು ಮೂಡುಬಿದಿರೆಯ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಾಳೆ, ಶನಿವಾರ ಮನೆಗೆ ಬರುತ್ತಾಳೆ. ಅಜ್ಜಿ ಬೆಳ್ತಂಗಡಿಯ ಕಡೆಯ ತೋಟದ ಮನೆಯಿಂದ ಮಗನ ಮನೆಗೆ ಬಂದು ಎರಡು ವರ್ಷವಾಯಿತು. ಮಗಳ ಸೊಂಟದ ಬಳಿ ಒಂದು ರೂಪಾಯಿ ನಾಣ್ಯದಷ್ಟಗಲ ಕೆಂಪು ಬಳೆಯೊಂದು ಮೂಡಿದೆ. ಅಂಚು ಉಬ್ಬಿದೆ, ನಡುವೆ ತಿಳಿಯಾಗಿದೆ. ತುರಿಕೆಗೆ ರಾತ್ರಿ ನಿದ್ದೆಯಿಲ್ಲ. ಅಂಗಡಿಯಿಂದ ತಂದ ಮುಲಾಮು ಹಚ್ಚಿದ ನಾಲ್ಕನೆಯ ದಿನಕ್ಕೆ ಗುಣವಾಯಿತು. ಮೂರನೆಯ ವಾರಕ್ಕೆ ಒಂದರ ಬದಲು ಮೂರು ಬಳೆಗಳಾಗಿ ಮರಳಿತು. ಹೀಗೆ ನಾಲ್ಕು ಸಲ.

“ಉಷ್ಣ ಮಗಾ, ಬೇರೇನೂ ಅಲ್ಲ. ಬದನೆ ತಿನ್ನಬೇಡ. ದಿನಾ ಒಂದು ಬೊಂಡ ಕುಡಿ” ಎನ್ನುತ್ತಾರೆ ಅಜ್ಜಿ.

ತಾಯಿಗೆ ಬೇರೆಯೇ ಚಿಂತೆ. ಮುಂದಿನ ವರ್ಷ ಮಗಳಿಗೆ ಗಂಡು ನೋಡಬೇಕು; ಅಷ್ಟರೊಳಗೆ ಇದು ಯಾರ ಕಿವಿಗೂ ಬೀಳದೆ ಹೋಗಬೇಕು. ಮಗಳು ವಿದ್ಯಾರ್ಥಿನಿಲಯದಲ್ಲಿ ಕೊನೆಯವಳಾಗಿ ಸ್ನಾನಕ್ಕೆ ಹೋಗುತ್ತಾಳೆ, ಗೆಳತಿಯರ ಎದುರು ಬಟ್ಟೆ ಬದಲಿಸುವುದಿಲ್ಲ. ಇದು ಯಾವುದೇ ಒಂದು ಮನೆಯ ಕಥೆಯಲ್ಲ. ಈ ಮೂರು ಊರುಗಳಲ್ಲಿ ಮಾತ್ರವಲ್ಲ, ಕನ್ನಡ ನಾಡಿನ ಉದ್ದಗಲಕ್ಕೂ ಚರ್ಮವೈದ್ಯರ ಬಾಗಿಲಲ್ಲಿ ಕುಳಿತಿರುವ ಬಹಳ ಜನರ ಕಥೆ ಹೀಗೆಯೇ ಇದೆ.

ಹುಳವಿಲ್ಲದ ಹುಳುಕಡ್ಡಿ

ಈ ಬೇನೆಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ತದ್ದು ಎನ್ನುವವರುಂಟು, ಗಜಕರ್ಣ ಎನ್ನುವವರುಂಟು. ಹುಳುಕಡ್ಡಿ ಎಂಬುದು ಎಲ್ಲೆಡೆಯ ಮಾತು. ಬಳೆಯ ಅಂಚು ದಿನದಿನಕ್ಕೆ ಸರಿಯುವುದನ್ನು ಕಂಡ ಹಿಂದಿನವರು ಚರ್ಮದೊಳಗೆ ಹುಳು ಹರಿಯುತ್ತಿದೆಯೆಂದು ಭಾವಿಸಿದರು. ಇಂಗ್ಲಿಷರೂ ಹಾಗೆಯೇ ಭಾವಿಸಿ ಹುಳುವಿನ ಹೆಸರನ್ನೇ ಇಟ್ಟರು. ಹುಳು ಮಾತ್ರ ಅಲ್ಲಿ ಇಲ್ಲ. ಸಂಸ್ಕೃತ ವೈದ್ಯಗ್ರಂಥಗಳು ಇದನ್ನು ದದ್ರು ಎಂದು ಕರೆದವು. ಚರಕನೂ ಸುಶ್ರುತನೂ ಇದನ್ನು ಚರ್ಮರೋಗಗಳ ನಡುವೆ ಎಣಿಸಿದ್ದಾರೆ.

ಮಳೆಗಾಲದಲ್ಲಿ ತುಳುನಾಡಿನ ಬೇಲಿಯ ಬದಿಗಳಲ್ಲಿ ತಾನಾಗಿ ಏಳುವ ತಗಚೆ ಗಿಡವನ್ನು ತುಳುವರು ತಜಂಕ್ ಎನ್ನುತ್ತಾರೆ. ಆಟಿಯಲ್ಲಿ ಅದರ ಎಳೆಯ ಚಿಗುರಿನ ಪಲ್ಯವನ್ನೂ ವಡೆಯನ್ನೂ ಮಾಡಿ ತಿನ್ನುವುದು ರೂಢಿ. ಅದೇ ಗಿಡಕ್ಕೆ ಸಂಸ್ಕೃತದಲ್ಲಿ ಚಕ್ರಮರ್ದವೆಂದೂ ದದ್ರುಘ್ನವೆಂದೂ ಹೆಸರು: ಚಕ್ರಗಳನ್ನು ಮರ್ದಿಸುವುದು, ದದ್ರುವನ್ನು ಕೊಲ್ಲುವುದು. ಬೇನೆ ಹೆಚ್ಚುವ ಋತುವಿನಲ್ಲೇ ಅದರ ಹೆಸರಿನ ಗಿಡವೂ ಮೊಳೆಯುವುದನ್ನು ಜನ ಗಮನಿಸದೆ ಇರಲಿಲ್ಲ. ತಜಂಕಿನ ವಡೆ ತಿಂದರೆ ಹುಳುಕಡ್ಡಿ ಹೋಗುವುದೆಂದು ಇದರ ಅರ್ಥವಲ್ಲ. ಈ ಬೇನೆ ಈ ನೆಲಕ್ಕೆ ಹೊಸತಲ್ಲ, ಇದರೊಡನೆ ಗುದ್ದಾಡಿದವರು ಹಿಂದೆಯೂ ಇದ್ದರು ಎಂದಷ್ಟೇ ಅರ್ಥ.

ಇದಕ್ಕೆ ಕಾರಣವಾದುದು ಶಿಲೀಂಧ್ರ. ಅಣಬೆ, ಬೂಷ್ಟು, ಹಿಟ್ಟನ್ನು ಹುಳಿ ಬರಿಸುವ ಯೀಸ್ಟು ಎಲ್ಲವೂ ಆ ಬಳಗದವೇ. ಪ್ರಾಣಿಗಳಿಗೆ ಶಿಲೀಂಧ್ರದಿಂದ ರೋಗ ಬರಬಲ್ಲುದೆಂಬುದನ್ನು ಮೊದಲು ತೋರಿಸಿಕೊಟ್ಟದ್ದು ರೇಷ್ಮೆಹುಳು. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಎಂದು ಕರೆಯುವ ರೋಗ ಶಿಲೀಂಧ್ರದಿಂದ ಬರುವುದೆಂದು ಇಟಲಿಯ ಅಗಸ್ಟಿನೊ ಬಾಸ್ಸಿ 1835ರಲ್ಲಿ ಪ್ರಕಟಿಸಿದ. ಮುಂದಿನ ಕೆಲವೇ ವರ್ಷಗಳಲ್ಲಿ ಪ್ಯಾರಿಸಿನ ಡೇವಿಡ್ ಗ್ರೂಬಿ ಮನುಷ್ಯರ ತಲೆಯ ಚರ್ಮದ ರೋಗದಲ್ಲೂ ಶಿಲೀಂಧ್ರವನ್ನು ಕಂಡ.

ಚರ್ಮದ ಶಿಲೀಂಧ್ರಕ್ಕೆ ಆಹಾರ ಕೆರಾಟಿನ್ ಎಂಬ ವಸ್ತು. ನಮ್ಮ ಚರ್ಮದ ಹೊರಪದರ, ಕೂದಲು, ಉಗುರು ಇವೆಲ್ಲ ಅದರಿಂದಲೇ ಆದವು. ಹೊರಪದರವೆಂದರೆ ಸತ್ತ ಜೀವಕೋಶಗಳ ಹಾಸು. ಶಿಲೀಂಧ್ರದ ಎಳೆಗಳು ಆ ಹಾಸಿನಲ್ಲಿ ನೆಲೆಯೂರಿ, ಅದನ್ನು ಕರಗಿಸುವ ರಸವನ್ನು ಸ್ರವಿಸಿ ತಿನ್ನುತ್ತ ಎಲ್ಲ ದಿಕ್ಕಿಗೂ ಹರಡುತ್ತವೆ. ದೇಹ ಅದನ್ನು ಗುರುತಿಸಿ ಎದುರಿಸಿದಾಗ ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ. ಮೊದಲು ಹಿಡಿದ ನಡುಭಾಗ ತಿಳಿಯಾಗುತ್ತದೆ, ಹೊಸದಾಗಿ ಹಿಡಿದ ಅಂಚು ಉರಿಯುತ್ತಿರುತ್ತದೆ. ಬಳೆಯ ಆಕಾರದ ಗುಟ್ಟು ಇಷ್ಟೇ.

ಮೈಯ ಕಾವು ಯಾರ ಪಕ್ಷ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ಹಸಿದ ಈ ಜೀವ ಹೊರಪದರದಲ್ಲೇ ಏಕೆ ನಿಂತುಬಿಡುತ್ತದೆ? ಒಳಗಿನ ಮಾಂಸಕ್ಕೆ, ರಕ್ತಕ್ಕೆ, ಶ್ವಾಸಕೋಶಕ್ಕೆ ಏಕೆ ಇಳಿಯುವುದಿಲ್ಲ?

ರೋಗನಿರೋಧಕ ಶಕ್ತಿ ಒಂದು ಕಾರಣ. ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣವನ್ನು ರಕ್ತ ಸುಲಭವಾಗಿ ಬಿಟ್ಟುಕೊಡದಿರುವುದು ಇನ್ನೊಂದು ಕಾರಣ. ಮೂರನೆಯ ಕಾರಣ ಅಜ್ಜಿ ದೂರುತ್ತಿದ್ದ ಅದೇ ಉಷ್ಣ. ಆರೋಗ್ಯವಂತ ಮನುಷ್ಯನ ಒಳಮೈಯ ಕಾವು ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಚರ್ಮದ ಮೇಲ್ಮೈ ಅದಕ್ಕಿಂತ ತಂಪು, ಸಾಮಾನ್ಯವಾಗಿ 32ರಿಂದ 35 ಡಿಗ್ರಿ. ಕಾಲ್ಬೆರಳುಗಳು ಇನ್ನೂ ತಂಪು. ಚರ್ಮದ ಶಿಲೀಂಧ್ರಗಳು ಸೊಗಸಾಗಿ ಬೆಳೆಯುವುದು 25ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ. ಪ್ರಯೋಗಾಲಯದವರಿಗೆ ಇದು ನಿತ್ಯದ ಅನುಭವ: ರೋಗಿಯ ಬ್ಯಾಕ್ಟೀರಿಯಾಗಳನ್ನು ಬೆಳೆಸಬೇಕಾದಾಗ ಪೆಟ್ಟಿಗೆಯ ಕಾವನ್ನು 37 ಡಿಗ್ರಿಗೆ ಇಡುತ್ತಾರೆ, ಹುಳುಕಡ್ಡಿಯ ಹೊಟ್ಟನ್ನು ಬೆಳೆಸುವುದಾದರೆ 25ರಿಂದ 30 ಡಿಗ್ರಿಯಲ್ಲಿಟ್ಟು ವಾರಗಟ್ಟಲೆ ಕಾಯುತ್ತಾರೆ.

ಈ ವಿಷಯದಲ್ಲಿ 2009ರಲ್ಲಿ ಒಂದು ಸ್ವಾರಸ್ಯದ ಲೆಕ್ಕ ಹೊರಬಂದಿತು. ನೆದರ್‌ಲ್ಯಾಂಡ್ಸಿನ ವಿನ್ಸೆಂಟ್ ರಾಬರ್ಟ್ ಮತ್ತು ಅಮೆರಿಕದ ಆರ್ಟುರೊ ಕಾಸಾಡೆವಾಲ್ ಸಂಗ್ರಹಾಲಯದಲ್ಲಿದ್ದ 4802 ಶಿಲೀಂಧ್ರ ತಳಿಗಳು ಯಾವ ಯಾವ ಕಾವಿನಲ್ಲಿ ಬೆಳೆಯಬಲ್ಲವೆಂದು ನೋಡಿದರು. 30 ಡಿಗ್ರಿಯವರೆಗೆ ಬಹುಪಾಲು ತಳಿಗಳು ಸುಖವಾಗಿದ್ದವು. 30ರಿಂದ 40ರವರೆಗೆ ಕಾವು ಒಂದೊಂದು ಡಿಗ್ರಿ ಏರಿದಂತೆಯೂ ಸುಮಾರು ನೂರಕ್ಕೆ ಆರರಷ್ಟು ತಳಿಗಳು ಕೈಬಿಟ್ಟವು. ಮರುವರ್ಷ ಕಾಸಾಡೆವಾಲ್ ಮತ್ತು ಅವೀವ್ ಬರ್ಗ್‌ಮನ್ ಇನ್ನೊಂದು ಲೆಕ್ಕ ಹಾಕಿದರು. ಮೈಯನ್ನು ಬಿಸಿಯಾಗಿಟ್ಟುಕೊಳ್ಳಲು ಅನ್ನ ಬೇಕು. ಕಾವು ಹೆಚ್ಚಿದಷ್ಟೂ ಊಟದ ಖರ್ಚು ಹೆಚ್ಚು. ಶಿಲೀಂಧ್ರಗಳನ್ನು ಆದಷ್ಟು ದೂರವಿಟ್ಟು, ಊಟದ ಖರ್ಚನ್ನೂ ಮಿತಿಯಲ್ಲಿಡುವ ಕಾವು ಎಷ್ಟು? ಅವರಿಗೆ ಸಿಕ್ಕ ಉತ್ತರ 36.7 ಡಿಗ್ರಿ. ಅದು ನಮ್ಮೆಲ್ಲರ ಮೈಯ ಕಾವೇ ಅಲ್ಲವೆ?

ಕಾವು ಇಳಿದರೆ ಏನಾಗುವುದೆಂಬುದಕ್ಕೆ ಬಾವಲಿಗಳು ಸಾಕ್ಷಿ. ಅಮೆರಿಕದ ಕೆಲವು ಜಾತಿಯ ಬಾವಲಿಗಳು ಚಳಿಗಾಲವಿಡೀ ಗುಹೆಗಳಲ್ಲಿ ನಿದ್ರಿಸುತ್ತವೆ. ಆಗ ಅವುಗಳ ಮೈ ಗುಹೆಯಷ್ಟೇ ತಣ್ಣಗಾಗುತ್ತದೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಇಂಥ ಬಾವಲಿಗಳ ಮೂತಿಯ ಮೇಲೆ ಬಿಳಿಯ ಬೂಷ್ಟು ಮೊದಲ ಸಲ ಕಾಣಿಸಿತು. ಅಂದಿನಿಂದ ಆ ಶಿಲೀಂಧ್ರಕ್ಕೆ ಲಕ್ಷಗಟ್ಟಲೆ ಬಾವಲಿಗಳು ಬಲಿಯಾಗಿವೆ. ಎಚ್ಚರವಿರುವಾಗ, ಮೈ ಬೆಚ್ಚಗಿರುವಾಗ, ಅದೇ ಶಿಲೀಂಧ್ರ ಅವುಗಳ ಮೇಲೆ ಬೆಳೆಯಲಾರದು.

ಆದುದರಿಂದ ಮೈಯ ಕಾವು ಈ ರೋಗದ ಕಾರಣವಲ್ಲ, ಕಾವಲುಗಾರ. ಅಂಗಳದಲ್ಲಿ ಸುಳಿದಾಡುವ ಕಳ್ಳ ಒಳಮನೆಗೆ ಕಾಲಿಡದಂತೆ ತಡೆಯುವವರಲ್ಲಿ ಅದೂ ಒಬ್ಬ. ಆದರೆ ಕಾವಲುಗಾರನ ಕೈ ಅಂಗಳದ ಮೂಲೆಗಳವರೆಗೆ ನಿಲುಕುವುದಿಲ್ಲ. ಅಲ್ಲಿನ ಕಾವಲು ನಮ್ಮ ದಿನಚರಿಯದು.

ಬೆಳಗಿನಿಂದ ರಾತ್ರಿಯವರೆಗೆ

ಮೈಯ ಕಾವು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಜರ್ಮನಿಯ ಕಾರ್ಲ್ ವುಂಡರ್ಲಿಶ್ ಸುಮಾರು 25000 ರೋಗಿಗಳ ಜ್ವರವನ್ನು ಅಳೆದು 1868ರಲ್ಲಿ ಪ್ರಕಟಿಸಿದ ಗ್ರಂಥದಿಂದಲೇ 37 ಡಿಗ್ರಿ ಎಂಬ ಅಂಕಿ ಜನಜನಿತವಾಯಿತು. ಕಾವು ನಸುಕಿನಲ್ಲಿ ಇಳಿದು ಸಂಜೆಗೆ ಏರುತ್ತದೆಂಬುದನ್ನೂ ಅವನು ಗುರುತಿಸಿದ್ದ. ಈ ಏರಿಳಿತ ಅರ್ಧ ಡಿಗ್ರಿಯಿಂದ ಒಂದು ಡಿಗ್ರಿಯವರೆಗೆ ಇರಬಹುದು. ಕಾವನ್ನು ಹದದಲ್ಲಿಡುವುದು ಬೆವರಿನ ಕೆಲಸ. ಬೆವರು ಆವಿಯಾದರೆ ಮೈ ತಣಿಯುತ್ತದೆ, ಚರ್ಮ ಒಣಗುತ್ತದೆ. ಕರಾವಳಿಯ ಗಾಳಿಯಾದರೋ ಮೊದಲೇ ನೀರುಂಡ ಗಾಳಿ. ಬೆವರು ಬರುತ್ತದೆ, ಆರುವುದಿಲ್ಲ. ಸಂದಿಗಳಲ್ಲಿ ನಿಂತ ತೇವದಿಂದ ಚರ್ಮದ ಹೊರಪದರ ಊದಿ ಮೆತ್ತಗಾಗುತ್ತದೆ. ಶಿಲೀಂಧ್ರದ ಎಳೆಗಳಿಗೆ ಬಾಗಿಲು ತೆರೆದಂತಾಗುತ್ತದೆ.

ಮಳೆಗಾಲದ ಒಂದು ದಿನವನ್ನು ನೋಡಬಹುದು. ಬೆಳಗ್ಗೆ ಹಂಡೆಯ ಬಿಸಿನೀರಿನ ಸ್ನಾನ. ಅವಸರದಲ್ಲಿ ಮೈ ಅರ್ಧ ಒರೆಸಿ, ಅರ್ಧ ಒಣಗಿದ ಒಳ ಉಡುಪು ತೊಟ್ಟು ಹೊರಡುವುದು. ಮನೆಮಂದಿಗೆಲ್ಲ ಬಚ್ಚಲಿನ ಗಳುವಿನ ಮೇಲಿರುವ ಒಂದೇ ಬೈರಾಸು. ಸೊಂಟದಲ್ಲಿ ಎಂದೂ ಒಣಗದ ಉಡಿದಾರ. ಹೆಂಗಸರಿಗೆ ಬಿಗಿದು ಕಟ್ಟಿದ ಲಂಗದ ಲಾಡಿ. ಸ್ಕೂಟರಿನ ಮೇಲೆ ರಬ್ಬರಿನ ಮಳೆಯಂಗಿ. ಒಳಗೆ ಬೆವರಿನ ಮಳೆ. ಶಾಲೆಯ ಮಗುವಿನ ಕಾಲಲ್ಲಿ ನಿನ್ನೆ ನೆನೆದ ಷೂ, ಇಂದು ನೆನೆದ ಕಾಲುಚೀಲ. ಗದ್ದೆಗಿಳಿದವರ ಕಾಲ್ಬೆರಳ ಸಂದಿಗಳಲ್ಲಿ ಕೆಸರುಹುಣ್ಣು. ಬೀಡಿ ಕಟ್ಟುವ ಹೆಂಗಸರು ಮಡಿಲಲ್ಲಿ ಮೊರವಿಟ್ಟು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತಿರುತ್ತಾರೆ. ಮಡಿಕೆಗಳಿಗೆ ಗಾಳಿಯೇ ಸೋಕದು. ವಿದ್ಯಾರ್ಥಿನಿಲಯಗಳಲ್ಲಿ ಬಿಗಿಯಾದ ಜೀನ್ಸ್, ಒಬ್ಬರದನ್ನು ಒಬ್ಬರು ತೊಡುವ ಸಲಿಗೆ.

ರಾತ್ರಿ ಹಾಸಿಗೆಗೆ ಬಂದಾಗ ತುರಿಕೆ ಹೆಚ್ಚುವುದೇಕೆಂದು ಕೇಳುವವರುಂಟು. ನಿದ್ರೆಗೆ ಅಣಿಯಾಗುವ ದೇಹ ಒಳಗಿನ ಕಾವನ್ನು ಚರ್ಮದ ಮೂಲಕ ಹೊರಗೆ ಬಿಡುತ್ತದೆ. ಚರ್ಮದ ರಕ್ತನಾಳಗಳು ಅರಳಿ ಚರ್ಮ ಬೆಚ್ಚಗಾಗುತ್ತದೆ. ಬೆಚ್ಚಗಾದ ಚರ್ಮದಲ್ಲಿ ತುರಿಕೆ ಹೆಚ್ಚು ತೋರುತ್ತದೆ. ಗಮನ ಸೆಳೆಯಲು ಬೇರೆ ಕೆಲಸವೂ ಆಗ ಇರುವುದಿಲ್ಲ. ತುರಿಸಿದ ಉಗುರಿನ ಸಂದಿಗೆ ಹೊಟ್ಟು ಸೇರುತ್ತದೆ. ಆ ಉಗುರು ಮೈಯ ಇನ್ನೊಂದು ಕಡೆಯನ್ನು ತುರಿಸುತ್ತದೆ.

ಕಾವು ಶಿಲೀಂಧ್ರಕ್ಕೆ ಆಗದೆಂದಮೇಲೆ ಕುದಿನೀರನ್ನೇ ಸುರಿದುಕೊಳ್ಳಬಾರದೇಕೆ? ಹಾಗೆ ಮಾಡುವವರೂ ಇದ್ದಾರೆ. ಆ ಕ್ಷಣಕ್ಕೆ ಹಿತವೆನಿಸುವುದೂ ನಿಜ. ಆದರೆ ಚರ್ಮ ತಾಳಬಲ್ಲ ಬಿಸಿ ಕೆಲವು ನಿಮಿಷಗಳಲ್ಲಿ ಶಿಲೀಂಧ್ರವನ್ನು ಕೊಲ್ಲಲಾರದು. ಶಿಲೀಂಧ್ರವನ್ನು ಕೊಲ್ಲುವ ಬಿಸಿಯನ್ನು ಚರ್ಮ ತಾಳಲಾರದು. ಅತಿ ಬಿಸಿನೀರು ಚರ್ಮದ ಎಣ್ಣೆಯನ್ನು ಕಳೆದು ತುರಿಕೆಯನ್ನು ಹೆಚ್ಚಿಸುತ್ತದೆ. ಮೈಗೆ ಕೊಡಲಾಗದ ಆ ಕಾವನ್ನು ಬಟ್ಟೆಗೆ ಮಾತ್ರ ಧಾರಾಳವಾಗಿ ಕೊಡಬಹುದು. 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದ ಬಟ್ಟೆಯಲ್ಲಿ ಈ ಶಿಲೀಂಧ್ರ ಉಳಿಯುವುದು ಕಷ್ಟ. ತಣ್ಣೀರಿನಲ್ಲಿ ಜಾಲಿಸಿದ ಬಟ್ಟೆಯಲ್ಲಿ ಅದು ಸುಖವಾಗಿ ಉಳಿಯುತ್ತದೆ.

ಒಣಗಿಸುವುದೇ ಅರ್ಧ ಚಿಕಿತ್ಸೆಯೆಂಬುದನ್ನು ಯುದ್ಧಭೂಮಿಯೂ ಕಲಿಸಿದೆ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲಿ, ಭತ್ತದ ಗದ್ದೆಗಳ ನೀರಿನಲ್ಲಿ ದಿನಗಟ್ಟಲೆ ನಡೆದ ಅಮೆರಿಕದ ಸೈನಿಕರಲ್ಲಿ ಬಹಳ ಮಂದಿ ಗುಂಡೇಟಿಗಲ್ಲ, ಚರ್ಮರೋಗಕ್ಕೆ ಸೋತು ಹಿಂದಿರುಗಿದರು. 1968ರಲ್ಲಿ ಸೇನಾಧಿಕಾರಿಗಳು ಕಂಡುಕೊಂಡ ಉಪಾಯ ಸರಳವಾದುದು: ನೀರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇರತಕ್ಕದ್ದಲ್ಲ, ಬಳಿಕ ಒಂದು ದಿನ ಕಾಲು ಒಣಗಿಸಿಕೊಳ್ಳತಕ್ಕದ್ದು.

ಅಡಕೆಯ ತೋಟ ಹೇಳುವ ಪಾಠ

ಬಂಟ್ವಾಳ–ಬೆಳ್ತಂಗಡಿಯ ಕೃಷಿಕನಿಗೆ ಈ ರೋಗದ ಮರುಕಳಿಕೆಯನ್ನು ವಿವರಿಸಲು ವೈದ್ಯಶಾಸ್ತ್ರ ಬೇಕಿಲ್ಲ. ಅವನ ತೋಟದಲ್ಲೇ ಅದರ ಪಡಿಯಚ್ಚು ಇದೆ, ಅಡಕೆಯ ಕೊಳೆರೋಗ. ಈ ಕನ್ನಡ ಮಾತು ಎಷ್ಟು ಗಟ್ಟಿಯಾದುದೆಂದರೆ, 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿಯೊಬ್ಬ ಮೈಸೂರು ಸೀಮೆಯ ಕಾಫಿಯ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಕೊಳೆರೋಗವೆಂಬ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿಬಿಟ್ಟ. ಅಡಕೆಯ ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರವಾದ ಬರಹವನ್ನು ಪ್ರಕಟಿಸಿದ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಕೆಯ ಸಂಶೋಧನೆಗೆಂದೇ ಕೇಂದ್ರವೊಂದು ತಲೆಯೆತ್ತಿತು. ಕೊಳೆರೋಗದ ಜೀವಿಯನ್ನು ಇಂದಿನ ವಿಜ್ಞಾನ ಶಿಲೀಂಧ್ರಗಳ ಬಳಗದಿಂದ ಹೊರಗಿಟ್ಟು ಬೇರೆ ಗುಂಪಿಗೆ ಸೇರಿಸಿದೆ. ಆದರೆ ಅದರ ನಡತೆ ಮಾತ್ರ ಅದೇ.

ಕೊಳೆರೋಗಕ್ಕೆ ಕೃಷಿಕ ಏನು ಮಾಡುತ್ತಾನೆ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮೊದಲೇ ಒಮ್ಮೆ ಗೊನೆಗಳಿಗೆ ಸಿಂಪಡಿಸುತ್ತಾನೆ. ಗೊನೆಗಳು ಹಸುರಾಗಿ, ನೋಡಲು ಲಕ್ಷಣವಾಗಿದ್ದರೂ 40–45 ದಿನಗಳ ಬಳಿಕ ಎರಡನೆಯ ಸಲ ಸಿಂಪಡಿಸುತ್ತಾನೆ. ಉದುರಿದ ಕೊಳೆತ ಕಾಯಿಗಳನ್ನು ಆರಿಸಿ ತೋಟದಿಂದ ಹೊರಗೆ ಹಾಕುತ್ತಾನೆ. ಒಂದೇ ಮರಕ್ಕೆ ಮದ್ದು ಬಿಟ್ಟು ಪಕ್ಕದ ಮರವನ್ನು ಹಾಗೆಯೇ ಬಿಡುವುದಿಲ್ಲ. “ಈಗ ಕಾಣುವುದಿಲ್ಲವಲ್ಲ, ಸಾಕು” ಎಂದು ಎರಡನೆಯ ಸಿಂಪಡಣೆಯನ್ನು ಕೈಬಿಟ್ಟವನ ಫಸಲು ಏನಾಗುವುದೆಂದು ಊರಿಗೆಲ್ಲ ಗೊತ್ತು.

ಇಷ್ಟು ಬಲ್ಲ ಮನುಷ್ಯನೇ ತನ್ನ ಮೈಯ ವಿಷಯದಲ್ಲಿ ನಾಲ್ಕನೆಯ ದಿನಕ್ಕೆ ಮುಲಾಮು ನಿಲ್ಲಿಸುತ್ತಾನೆ. ಕೆಂಪು ಹೋದದ್ದು ದೇಹದ ಕೋಪ ತಣ್ಣಗಾದುದರ ಗುರುತು. ಶಿಲೀಂಧ್ರ ಹೋದುದರ ಗುರುತಲ್ಲ. ಚರ್ಮ ಬುಡದಿಂದ ಹುಟ್ಟಿ ಮೇಲೆ ಬಂದು ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಅದಕ್ಕೇ ವೈದ್ಯರು ಗುರುತು ಮಾಯವಾದ ಮೇಲೂ ಸಾಮಾನ್ಯವಾಗಿ ಎರಡು ವಾರ ಮದ್ದು ಮುಂದುವರಿಸಲು ಹೇಳುತ್ತಾರೆ. ಗುರುತಿನ ಹೊರಗೂ ಎರಡು ಬೆರಳಗಲ ಹಚ್ಚಲು ಹೇಳುತ್ತಾರೆ. ಉದುರಿದ ಹೊಟ್ಟಿನಲ್ಲಿ ಅಡಗಿದ ಶಿಲೀಂಧ್ರದ ಬೀಜಕಣಗಳು ಬೈರಾಸಿನಲ್ಲಿ, ಹಾಸಿಗೆಯಲ್ಲಿ, ಬಾಚಣಿಗೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಅವೇ ತೋಟದ ಕೊಳೆತ ಕಾಯಿಗಳು. ಮದ್ದು ಮಾಡದೆ ಬಿಟ್ಟ ಪಕ್ಕದ ಮರವೆಂದರೆ ಮನೆಯ ಇನ್ನೊಬ್ಬ ಸದಸ್ಯ. ಉಗುರಿಗೆ ರೋಗ ಹಿಡಿದವರಲ್ಲಿ ಶತ್ರುವಿನ ಉಗ್ರಾಣ ಮೈಮೇಲೆಯೇ ಇರುತ್ತದೆ. ಸಕ್ಕರೆಕಾಯಿಲೆ ಇದ್ದವರಲ್ಲಿ ದೇಹದ ಪ್ರತಿರೋಧ ಕುಗ್ಗಿ ರೋಗ ಹಟ ಹಿಡಿಯುತ್ತದೆ.

ಅಂಗಡಿಯ ಟ್ಯೂಬಿನೊಳಗೆ

ಹಿಂದೆ ಹುಳುಕಡ್ಡಿಗೆ ದವಾಖಾನೆಯಲ್ಲಿ ಕೊಡುತ್ತಿದ್ದುದು ವಿಟ್‌ಫೀಲ್ಡ್ ಮುಲಾಮು. ನೂರು ಪಾಲಿನಲ್ಲಿ ಬೆಂಜೋಯಿಕ್ ಆಮ್ಲ 6, ಸ್ಯಾಲಿಸಿಲಿಕ್ ಆಮ್ಲ 3 ಪಾಲು. ಉರಿಯುತ್ತಿತ್ತು, ನಿಧಾನವಾಗಿತ್ತು, ಅಗ್ಗವಾಗಿತ್ತು. 1939ರಲ್ಲಿ ಲಂಡನ್ನಿನ ವಿಜ್ಞಾನಿಗಳು ಪೆನಿಸಿಲಿಯಂ ಬಳಗದ ಒಂದು ಬೂಷ್ಟಿನಿಂದಲೇ ಗ್ರಿಸಿಯೋಫಲ್ವಿನ್ ಎಂಬ ವಸ್ತುವನ್ನು ತೆಗೆದರು. ಅದನ್ನು ನುಂಗಿದರೆ ಹುಳುಕಡ್ಡಿ ಗುಣವಾಗುವುದೆಂದು ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ತಿಳಿದದ್ದು 1958ರಲ್ಲಿ. ಬಳಿಕ ಟರ್ಬಿನಾಫಿನ್, ಇಟ್ರಾಕೊನಜೋಲ್ ಮುಂತಾದವು ಬಂದವು. ಹುಳುಕಡ್ಡಿ ಇನ್ನು ಸಣ್ಣ ರೋಗವೆಂದು ವೈದ್ಯಲೋಕ ಭಾವಿಸಿತು.

ಸಣ್ಣ ರೋಗವನ್ನು ದೊಡ್ಡದು ಮಾಡಿದ್ದರಲ್ಲಿ ಅಂಗಡಿಯ ಟ್ಯೂಬಿಗೆ ಬಹಳ ಪಾಲಿದೆ. ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು, ಅವುಗಳೊಡನೆ ಪ್ರಬಲವಾದ ಸ್ಟೀರಾಯ್ಡ್, ಈ ಮೂರನ್ನೂ ಬೆರೆಸಿದ ಮುಲಾಮುಗಳು ಭಾರತದ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತ ಬಂದವು. ಸ್ಟೀರಾಯ್ಡ್ ದೇಹದ ಪ್ರತಿರೋಧವನ್ನು ಮಲಗಿಸುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ರೋಗಿ ಸಂತೋಷಪಡುತ್ತಾನೆ. ಎದುರಿಸುವವರಿಲ್ಲದ ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ಬಳೆಯ ಆಕಾರವೂ ಅಳಿಸಿಹೋಗಿ ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಯ ಸಂದಿಯಲ್ಲಿ ಎಂದೂ ಅಳಿಯದ ಬರೆಗಳು ಮೂಡುತ್ತವೆ. ಚರ್ಮವೈದ್ಯರ ಸಂಘ ಇದರ ವಿರುದ್ಧ ಬಹುಕಾಲ ಕೂಗಿದ ಬಳಿಕ, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ನಿಯಮ ಬಂದಿತು, ನೆರೆಮನೆಯವರು ಹೇಳಿದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವ ಅಭ್ಯಾಸ ಇನ್ನೂ ಹೋಗಿಲ್ಲ.

ಇದರ ನಡುವೆ ಶಿಲೀಂಧ್ರವೂ ಸುಮ್ಮನೆ ಕುಳಿತಿರಲಿಲ್ಲ. ಟರ್ಬಿನಾಫಿನ್‌ಗೆ ಬಗ್ಗದ ಒಂದು ಬಗೆ ಭಾರತದಲ್ಲಿ ಹಬ್ಬಿತು. 2020ರಲ್ಲಿ ಜಪಾನಿನ ಸಂಶೋಧಕರು, ತಮ್ಮ ದೇಶದಲ್ಲಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯಿಂದ ದೊರೆತ ಶಿಲೀಂಧ್ರವನ್ನು ಪ್ರತ್ಯೇಕ ಜಾತಿಯೆಂದು ವರ್ಣಿಸಿ ಟ್ರೈಕೋಫೈಟನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕ್ ನಗರದ ಇಬ್ಬರು ಹೆಂಗಸರಲ್ಲಿ ಇದೇ ಕಂಡುಬಂದಿತು. ಅವರಲ್ಲಿ ಒಬ್ಬಾಕೆ ಹತ್ತಿರದ ದಿನಗಳಲ್ಲಿ ಹೊರದೇಶಕ್ಕೆ ಹೋದವಳೇ ಅಲ್ಲ. ನಮ್ಮ ದೇಶದ ಹೆಸರನ್ನು ಹೊತ್ತ ರೋಗಾಣು ಹೀಗೆ ಲೋಕಸಂಚಾರ ಹೊರಟಿದೆ. ಇಂಥದು ಹಿಡಿದಾಗ ಮದ್ದು ಬೇರೆ, ಅವಧಿ ಉದ್ದ. ಯಾವುದು ಹಿಡಿದಿದೆಯೆಂದು ನೋಡಿ ತಿಳಿದವರು ತೀರ್ಮಾನಿಸಬೇಕೇ ಹೊರತು, ಅಂಗಡಿಯ ಹಲಗೆಯ ಮುಂದೆ ನಿಂತು ತೀರ್ಮಾನಿಸುವುದಲ್ಲ.

ಒಂದು ಪ್ರಶ್ನೆ, ಒಂದು ಉತ್ತರ

ಬಂಟ್ವಾಳದ ಆ ಮನೆಗೆ ಮರಳೋಣ. ಐದನೆಯ ಸಲ ರೋಗ ಮರಳಿದಾಗ ತಾಯಿ ಮಗಳನ್ನು ಚರ್ಮವೈದ್ಯೆಯ ಬಳಿಗೆ ಕರೆದೊಯ್ಯುತ್ತಾಳೆ. ಜತೆಗೆ ಅಜ್ಜಿಯೂ ಹೊರಡುತ್ತಾರೆ, ಮೊಮ್ಮಗಳನ್ನು ಬಿಟ್ಟಿರಲಾರರು. ವೈದ್ಯೆ ಅಂಚಿನ ಹೊಟ್ಟನ್ನು ಮೊಂಡು ಅಲಗಿನಿಂದ ಕೆರೆದು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ತೊಟ್ಟು ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕವಲೊಡೆದ ಎಳೆಗಳು ಕಾಣುತ್ತವೆ. ಹಚ್ಚುತ್ತಿದ್ದ ಟ್ಯೂಬನ್ನು ತರಿಸಿ ನೋಡಿ ಬದಿಗಿಡುತ್ತಾರೆ. ಬಳಿಕ ಕೇಳುತ್ತಾರೆ: “ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ?”

“ಇಲ್ಲ” ಎನ್ನುತ್ತಾಳೆ ತಾಯಿ.

ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಅಜ್ಜಿ ಸೆರಗು ಸರಿಪಡಿಸಿಕೊಂಡು, ನೆಲ ನೋಡುತ್ತ, “ನನಗೆ ಉಂಟು ಡಾಕ್ಟ್ರೇ. ಸೊಂಟದಲ್ಲಿ. ಎರಡು ವರ್ಷ ಆಯ್ತು” ಎನ್ನುತ್ತಾರೆ.

“ಅತ್ತೇ, ಹೇಳಬಾರದಿತ್ತಾ?” ಸೊಸೆಯ ಮಾತಿನಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚು.

“ಈ ವಯಸ್ಸಿನಲ್ಲಿ ಇದನ್ನು ಯಾರತ್ರ ಹೇಳುವುದು ಮಗಾ?”

ಮನೆಯಲ್ಲಿ ಇಡೀ ಮಳೆಗಾಲ ಅಜ್ಜಿಯೂ ಮೊಮ್ಮಗಳೂ ಒಂದೇ ಬೈರಾಸಿನಲ್ಲಿ ಮೈ ಒರೆಸಿದ್ದರು, ಒಂದೇ ಕಂಬಳಿ ಹೊದ್ದಿದ್ದರು. ಉಷ್ಣವೂ ಅಲ್ಲ, ಬದನೆಯೂ ಅಲ್ಲ. ಐದು ಸಲವೂ ರೋಗವನ್ನು ಮರಳಿ ಕರೆತಂದದ್ದು ನಾಚಿಕೆ. ಮದ್ದಿನ ಚೀಟಿ ಈಗ ಇಬ್ಬರಿಗೂ ಆಗುತ್ತದೆ. ಅಜ್ಜಿಗೆ ಸಕ್ಕರೆಯ ಪರೀಕ್ಷೆಯೂ ಆಗಬೇಕೆಂದು ವೈದ್ಯೆ ಬರೆಯುತ್ತಾರೆ. ಉಳಿದವರನ್ನೂ ಒಮ್ಮೆ ತೋರಿಸಿಬಿಡಿ ಎನ್ನುತ್ತಾರೆ.

ವೈದ್ಯೆ ಹೇಳಿದ ಉಳಿದ ಮಾತುಗಳಲ್ಲಿ ದುಬಾರಿಯಾದುದು ಒಂದೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಬೈರಾಸು. ಒಳ ಉಡುಪು, ಬೈರಾಸು, ಹಾಸಿಗೆ ಬಟ್ಟೆಗಳಿಗೆ ಬಿಸಿನೀರು. ರೋಗಿಯ ಬಟ್ಟೆ ಬೇರೆಯಾಗಿ. ಮಳೆಯಲ್ಲಿ ಒಣಗದಿದ್ದರೆ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಆರಿಸಿ, ಆಮೇಲೆ ಇಸ್ತ್ರಿ. ಸ್ನಾನವಾದ ಮೇಲೆ ಸಂದಿಗಳನ್ನು ಉಜ್ಜದೆ ಒತ್ತಿ ಒರೆಸುವುದು. ಸಡಿಲವಾದ ಹತ್ತಿಯ ಬಟ್ಟೆ. ಸೊಂಟದ ದಾರ ಕೆಲವು ತಿಂಗಳು ದೇವರ ಕೋಣೆಯಲ್ಲಿ. ಮಳೆಯಲ್ಲಿ ನೆನೆದು ಬಂದವರು ಮೊದಲು ಬಟ್ಟೆ ಬದಲಿಸಿ, ಆಮೇಲೆ ಚಹಾ. ಮದ್ದು, ಗುಣವಾಯಿತೆಂದು ರೋಗಿಗೆ ತೋರಿದ ದಿನದವರೆಗಲ್ಲ, ಸಾಕೆಂದು ವೈದ್ಯರು ಹೇಳಿದ ದಿನದವರೆಗೆ.

ಹಿಂದಿರುಗುವಾಗ ಮೊಮ್ಮಗಳು ಮೈಯ ಕಾವಿನ ಲೆಕ್ಕವನ್ನೆಲ್ಲ ಅಜ್ಜಿಗೆ ವಿವರಿಸುತ್ತಾಳೆ. ಅಜ್ಜಿ ಎಲ್ಲವನ್ನೂ ಕೇಳಿ, “ಉಷ್ಣ ಒಳ್ಳೆಯದೇ ಆದರೆ ಇಷ್ಟು ವರ್ಷ ನಾನು ಬೊಂಡ ಕುಡಿದದ್ದು ಯಾಕೆ?” ಎನ್ನುತ್ತಾರೆ.

“ಅದು ರುಚಿಗೆ ಅಜ್ಜೀ” ಎನ್ನುತ್ತಾಳೆ ಮೊಮ್ಮಗಳು.

ಆಟಿ ಕಳೆದು ಸೋಣ ತಿಂಗಳು ಬರುತ್ತದೆ. ಎರಡು ಮಳೆಗಳ ನಡುವೆ ಎಳೆಬಿಸಿಲು ಇಣುಕುವ ಹೊತ್ತಿಗೆ ಅಂಗಳದ ಹಗ್ಗದ ಮೇಲೆ ನಾಲ್ಕು ಬಣ್ಣದ ನಾಲ್ಕು ಬೈರಾಸುಗಳು ಒಣಗುತ್ತಿರುತ್ತವೆ. ಅಂಚಿನಲ್ಲಿರುವ ಹಳದಿಯದು ಅಜ್ಜಿಯದು. ಅದನ್ನು ಬೇರೆ ಯಾರೂ ಮುಟ್ಟಕೂಡದೆಂದು ಅವರೇ ಕಟ್ಟಪ್ಪಣೆ ಮಾಡಿದ್ದಾರೆ.